ಹುಳಿ ತಪ್ಪಿದ ಚೀಲ

ದೀಪ ಆರಿಸಿದ್ದಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಒಂದು ನಿಮಿಷ ಸುಮ್ಮನಿರಿ. ಯಂತ್ರವನ್ನು ತಣ್ಣಗಿಡುವ ಫ್ಯಾನಿನ ಗುಂಯ್‌ಗುಡುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎದುರಿನ ಪರದೆ ಕಪ್ಪಗಿದೆ. ಪಕ್ಕದ ಸೂಕ್ಷ್ಮದರ್ಶಕದ ಕೆಳಗೆ, ಎರಡು ಗಾಜುಗಳ ನಡುವೆ, ಇಲಿಯ ಮಿದುಳಿನ ಒಂದು ಹಾಳೆ ಮಲಗಿದೆ. ಈರುಳ್ಳಿಯ ಒಳಪೊರೆಯಷ್ಟು ತೆಳು. ಲೇಸರ್ ಅದರ ಮೇಲೆ ಸಾಲು ಸಾಲಾಗಿ ಹರಿಯತೊಡಗುತ್ತದೆ. ರಂಗೋಲಿ ಎಳೆ ಎಳೆಯಾಗಿ ಮೂಡುವಂತೆ, ಪರದೆಯ ಮೇಲಂಚಿನಿಂದ ಚಿತ್ರವೊಂದು ಇಳಿದು ಬರುತ್ತದೆ.

ಹೂವು. ಒಂದಲ್ಲ, ಅಲ್ಲೊಂದು ಇಲ್ಲೊಂದು, ನಾಲ್ಕಾರು. ನಡುವೆ ದುಂಡು, ಸುತ್ತ ಉಬ್ಬಿದ ಎಸಳು. ‘ಎಷ್ಟು ಚೆಂದ’ ಎನ್ನಲು ಬಾಯಿ ತೆರೆಯುತ್ತೀರಿ. ತಡೆಯಿರಿ. ಅದು ಸಾಯುತ್ತಿರುವ ನರಕೋಶ. ಆ ಎಸಳುಗಳ ತುಂಬ ಇರುವುದು ಕರಗದೆ ಉಳಿದ ಕಸ.

ನೀವಿರುವುದು ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್‌ನಲ್ಲಿ. ಮ್ಯಾನ್‌ಹ್ಯಾಟನ್ನಿನ ಗದ್ದಲ ಬಿಟ್ಟು ಉತ್ತರಕ್ಕೆ ಬಂದು ಹಡ್ಸನ್ ನದಿ ದಾಟಿದರೆ ಸಿಗುವ ಸಣ್ಣ ಊರು. ಹೊರಗಿರುವುದು ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯ ವಿಶಾಲ ಆವರಣ. ಒಳಗೆ ನೇಥನ್ ಕ್ಲೈನ್ ಸಂಶೋಧನಾ ಸಂಸ್ಥೆ. (ಈ ನೇಥನ್ ಕ್ಲೈನ್ 1950ರ ದಶಕದಲ್ಲಿ ಇಲ್ಲಿಯ ರೋಗಿಗಳಿಗೆ ನಮ್ಮ ಸರ್ಪಗಂಧದ ಬೇರಿನ ಔಷಧಿ ಕೊಟ್ಟು ನೋಡಿ ಹೆಸರಾದವರು. ಭಾರತದ ಗಿಡವೊಂದು ಅಮೆರಿಕದ ಮನೋವೈದ್ಯಕ್ಕೆ ಬಾಗಿಲು ತೆರೆದ ಆ ಕತೆ ಬೇರೆ ದಿನಕ್ಕಿರಲಿ.) ಇಲ್ಲಿ ರಾಲ್ಫ್ ನಿಕ್ಸನ್ ಎಂಬ ವಿಜ್ಞಾನಿ ದಶಕಗಳಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಅಲ್ಝೈಮರ್ ಬಂದವರ ನರಕೋಶಗಳಲ್ಲಿ ಕಸ ಯಾಕೆ ಹೀಗೆ ತುಂಬಿಕೊಳ್ಳುತ್ತದೆ? ಅವರ ಪ್ರಯೋಗಾಲಯದ ಜು-ಹ್ಯೂನ್ ಲೀ ಮತ್ತು ಸಂಗಡಿಗರು 2022ರಲ್ಲಿ ಈ ಹೂಗಳನ್ನು ಲೋಕಕ್ಕೆ ತೋರಿಸಿದರು, ಪ್ಯಾಂಥೋಸ್ ಎಂದು ಹೆಸರಿಟ್ಟರು. ಆಂಥೋಸ್ ಎಂದರೆ ಗ್ರೀಕಿನಲ್ಲಿ ಹೂವು. ಹೆಸರಿನ ಮೊದಲ ಅಕ್ಷರ ವಿಷದ್ದು. ವಿಷದ ಹೂವು.

ಅರವತ್ತಕ್ಕೆ ಅರಳು ಮರಳು ಎಂದು ನಾವು ನಕ್ಕು ಸುಮ್ಮನಾಗುತ್ತೇವಲ್ಲ, ಆ ‘ಅರಳು’ ಎಂಬ ಪದ ಈ ಪರದೆಯ ಮುಂದೆ ಕೂತಾಗ ಬೇರೆಯೇ ಆಗಿ ಕೇಳುತ್ತದೆ. ಅದೇ ಪದದೊಳಗಿನ ಹೂವನ್ನು ಕಂಡ ಬೇಂದ್ರೆಯವರು ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟಿದ್ದರು. ಅವರು ಕಂಡದ್ದು ಒಳ್ಳೆಯ ಅರಳುವಿಕೆ. ಇದು ಅರಳಬಾರದ ಹೂವು.

ಈಗ ಬಣ್ಣಗಳ ಗುಟ್ಟು ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಸ ತುಂಬಿಕೊಳ್ಳುವ ಚೀಲಗಳ ಮೈಗೆ ಅಂಟಿಕೊಳ್ಳುವ ಎಲ್‌ಸಿ3 ಎಂಬ ಪ್ರೋಟೀನಿಗೆ ಈ ಇಲಿಗಳಲ್ಲಿ ಹುಟ್ಟಿನಿಂದಲೇ ಎರಡು ದೀಪ ಕಟ್ಟಿದ್ದಾರೆ. ಒಂದು ಹಸಿರು, ಒಂದು ಕೆಂಪು. ಎರಡೂ ಉರಿದರೆ ಹಳದಿ. ಹಸಿರು ದೀಪಕ್ಕೆ ಹುಳಿ ಆಗಿಬರುವುದಿಲ್ಲ. ಸುತ್ತ ಆಮ್ಲ ಏರಿದರೆ ಆರಿಹೋಗುತ್ತದೆ. ಕೆಂಪು ಗಟ್ಟಿ, ಹುಳಿಯಲ್ಲೂ ಉರಿಯುತ್ತದೆ. ಮೂರನೆಯದು ನೀಲಿ, ಕಸ ಕರಗಿಸುವ ಕಿಣ್ವದ ಗುರುತು. ಚೀಲಕ್ಕೆ ಕಿಣ್ವ ಬಂದು ಸೇರಿ, ಹುಳಿಯೂ ಸರಿಯಾಗಿ ಏರಿದ್ದರೆ ಹಸಿರು ಆರಿ, ಕೆಂಪು ನೀಲಿ ಕೂಡಿ ನೇರಳೆ ಕಾಣಬೇಕು. ಕಿಣ್ವ ಬಂದಿದೆ, ಹುಳಿ ಮಾತ್ರ ಏರಿಲ್ಲ ಎಂದರೆ ಮೂರೂ ಬಣ್ಣ ಕೂಡಿ ಬಿಳಿ.

ಮತ್ತೆ ಹೂವನ್ನು ನೋಡಿ. ಎಸಳು ತುಂಬ ಬಿಳಿ ಚುಕ್ಕೆ.

ಇದು ಯಾಕೆ ಹೀಗಾಯಿತು ಎಂದು ತಿಳಿಯಲು ಕೆಡದ ಕೋಶವೊಂದರ ಒಳಕ್ಕೆ ಇಳಿಯಬೇಕು. ಬನ್ನಿ, ತುದಿಯಿಂದ ಶುರುಮಾಡೋಣ. ನರಕೋಶದ ಬುಡದಿಂದ ಬಹುದೂರ ಚಾಚಿದ ಬಾಲ, ಆಕ್ಸಾನ್, ಇನ್ನೊಂದು ಕೋಶವನ್ನು ಮುಟ್ಟುವ ಜಾಗ. ಇಲ್ಲಿ ಹಗಲಿರುಳು ಸಂದೇಶ ಹೋಗುತ್ತಿರುತ್ತದೆ, ಹಾಗಾಗಿ ಸವೆತವೂ ಹೆಚ್ಚು. ನಿಮ್ಮ ಪಕ್ಕದಲ್ಲೇ ಹಳತಾದ ಮೈಟೋಕಾಂಡ್ರಿಯಾ ಒಂದು ಬಿದ್ದಿದೆ. ಶಕ್ತಿ ಕೊಡುವುದರ ಬದಲು ಹೊಗೆ ಕಾರುವ ಹಳೇ ಡೀಸೆಲ್ ಎಂಜಿನ್ನಿನ ಹಾಗೆ. ಸುತ್ತ ಮಡಿಕೆ ತಪ್ಪಿ ಮುದ್ದೆಯಾದ ಪ್ರೋಟೀನುಗಳು. ನೋಡುತ್ತಿರುವಂತೆಯೇ ಎಲ್ಲಿಂದಲೋ ತೆಳುಪೊರೆಯ ಒಂದು ಬಟ್ಟಲು ಮೂಡುತ್ತದೆ. ಅಂಚು ಬೆಳೆಯುತ್ತದೆ, ಬಾಗುತ್ತದೆ, ಬಿದ್ದದ್ದನ್ನೆಲ್ಲ ಬಳಿದುಕೊಂಡು ಬಾಯಿ ಮುಚ್ಚುತ್ತದೆ. ಎರಡು ಪದರದ ಚೀಲ. ಕೋಶ ತನ್ನನ್ನೇ ತುಸು ತಿಂದಿತು. ಇದಕ್ಕೇ ಆಟೊಫೇಜಿ ಎಂದು ಹೆಸರು, ಸ್ವಭಕ್ಷಣೆ. ಲೈಸೋಸೋಮ್ ಕಂಡುಹಿಡಿದ ಬೆಲ್ಜಿಯಂನ ಕ್ರಿಸ್ಟಿಯನ್ ಡ ಡೂವ್ 1963ರಲ್ಲಿ ಇಟ್ಟ ಹೆಸರು.

ಚೀಲವನ್ನು ಹಿಡಿದುಕೊಳ್ಳಿ, ಹೊರಡುತ್ತದೆ. ಹೊರುವವನು ಡೈನೀನ್ ಎಂಬ ಹಮಾಲಿ ಪ್ರೋಟೀನು. ಎರಡು ಕಾಲಿನಲ್ಲಿ ಹೆಜ್ಜೆ ಹಾಕುತ್ತ, ಸೂಕ್ಷ್ಮನಾಳಗಳ ಹಳಿಯ ಮೇಲೆ, ಒಂದೇ ದಿಕ್ಕಿಗೆ: ತುದಿಯಿಂದ ಬುಡಕ್ಕೆ. ವೇಗ ಗಂಟೆಗೆ ಎರಡು ಮಿಲಿಮೀಟರಿನ ಆಸುಪಾಸು. ನಗಬೇಡಿ. ಹತ್ತು ಸೆಂಟಿಮೀಟರು ಉದ್ದದ ಆಕ್ಸಾನ್ ಆದರೆ ಎರಡು ದಿನಕ್ಕೂ ಮೀರಿದ ಪಯಣ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ, ಒಂದು ಮೀಟರಿನಷ್ಟು ಉದ್ದದ ಆಕ್ಸಾನುಗಳೂ ನಮ್ಮ ಮೈಯಲ್ಲಿವೆ. ಅಲ್ಲಿ ಕಸದ ಮೂಟೆ ವಾರಗಟ್ಟಲೆ ನಡೆಯಬೇಕು. ಹಾದಿಯುದ್ದಕ್ಕೂ ಚಿಕ್ಕ ಚಿಕ್ಕ ಗುಳ್ಳೆಗಳು ಬಂದು ಚೀಲಕ್ಕೆ ಡಿಕ್ಕಿ ಹೊಡೆಯುತ್ತವೆ, ಕೂಡಿಕೊಳ್ಳುತ್ತವೆ. ಅವೇ ಲೈಸೋಸೋಮ್‌ಗಳು, ಅರವತ್ತರ ಹತ್ತಿರ ಬಗೆಯ ಕಿಣ್ವ ತುಂಬಿಕೊಂಡವು.

ಕಿಣ್ವ ಬಂದ ಕೂಡಲೇ ಕೆಲಸ ಶುರುವಾಗುವುದಿಲ್ಲ. ಹಿಟ್ಟು ರುಬ್ಬಿದ ಕೂಡಲೇ ದೋಸೆಗೆ ಬರುತ್ತದೆಯೇ? ಹುಳಿ ಬರಬೇಕು. ಚೀಲದ ಪೊರೆಯಲ್ಲಿ ಕೂತಿರುವ ಪಂಪುಗಳು ಹೊರಗಿನಿಂದ ಪ್ರೋಟಾನುಗಳನ್ನು ಒಳಗೆ ತಳ್ಳತೊಡಗುತ್ತವೆ. ಬೀಸುಕಲ್ಲಿನ ಹಾಗೆ ನಿಜಕ್ಕೂ ಗರಗರ ತಿರುಗುವ ಪಂಪು ಇದು; ಅರ್ಧ ಭಾಗ ಪೊರೆಯಲ್ಲಿ ಹೂತಿರುತ್ತದೆ, ಇನ್ನರ್ಧ ಹೊರಗಿನಿಂದ ಬಂದು ಕೂಡಿಕೊಳ್ಳಬೇಕು, ಕೂಡಿದರೆ ಮಾತ್ರ ತಿರುಗುವುದು. ಒಳಗಿನ ಹುಳಿ ಹೊರಗಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಏರುತ್ತದೆ. ನಿಂಬೆರಸದಷ್ಟಲ್ಲ, ಚೆನ್ನಾಗಿ ಹುಳಿತ ಮಜ್ಜಿಗೆಯಷ್ಟು. ಆಗ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಇದು ಕೋಶ ತನಗೆ ತಾನೇ ಮಾಡಿಕೊಂಡ ಕಟ್ಟುಪಾಡು ಎನ್ನಿಸುತ್ತದೆ: ಒಂದೆರಡು ಚೀಲ ಒಡೆದು ತುಸು ಕಿಣ್ವ ಹೊರಗೆ ಚೆಲ್ಲಿದರೂ, ಅಲ್ಲಿ ಹುಳಿ ಇಲ್ಲದ್ದರಿಂದ ಮನೆಯನ್ನೇ ತಿಂದುಹಾಕುವುದಿಲ್ಲ.

ಮೈಟೋಕಾಂಡ್ರಿಯಾ ಕರಗಿತು. ಮುದ್ದೆಗಳು ಕರಗಿದವು. ಉಳಿದದ್ದು ಅಮೈನೋ ಆಮ್ಲಗಳು, ಕೊಬ್ಬಿನ ತುಣುಕುಗಳು. ಅವು ಚೀಲದಿಂದ ಹೊರಬಂದು ಹೊಸ ಪ್ರೋಟೀನು ಕಟ್ಟಲು ಹೋಗುತ್ತವೆ. ಪತ್ರಿಕೆಗಳಲ್ಲಿ ಲೈಸೋಸೋಮನ್ನು ‘ಕೋಶದ ಕಸದಬುಟ್ಟಿ’ ಎಂದು ಬರೆಯುವುದನ್ನು ನೋಡಿದ್ದೀರಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಇದು ಬುಟ್ಟಿಯಲ್ಲ, ಹಿತ್ತಿಲ ತಿಪ್ಪೆ. ಸಗಣಿ, ಸೊಪ್ಪು, ಒಲೆಯ ಬೂದಿ ಬಿದ್ದದ್ದು ಕಳಿತು ಹೊಲಕ್ಕೆ ಗೊಬ್ಬರವಾಗಿ ಹೋಗುವ ಜಾಗ. ತಿಪ್ಪೆಯ ಗುಣ ಅದಕ್ಕೆ ಎಷ್ಟು ಕಸ ಬಿತ್ತು ಎಂಬುದರಲ್ಲಿಲ್ಲ, ಎಷ್ಟು ಕಳಿಯಿತು ಎಂಬುದರಲ್ಲಿದೆ.

ಚರ್ಮದ ಕೋಶಕ್ಕೆ, ಕರುಳಿನ ಕೋಶಕ್ಕೆ ಇದೆಲ್ಲ ಅಷ್ಟು ತಲೆನೋವಿನ ವಿಷಯವಲ್ಲ. ಅವು ಒಡೆದು ಎರಡಾಗುತ್ತವೆ, ಕಸ ಪಾಲಾಗುತ್ತದೆ. ನರಕೋಶ ಒಡೆಯುವುದಿಲ್ಲ. ನೀವು ಹುಟ್ಟಿದಾಗ ಇದ್ದದ್ದೇ ಎಂಬತ್ತರಲ್ಲೂ ಇರಬೇಕು, ಅದೇ ಗೋಡೆ, ಅದೇ ಹಳಿ. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ಮಿದುಳಿನಲ್ಲಿ ಮಾತ್ರ ಆಟೊಫೇಜಿ ನಿಲ್ಲಿಸಿ ನೋಡಿದವು. ರೋಗದ ವಂಶವಾಹಿ ಯಾವುದನ್ನೂ ಸೇರಿಸಿರಲಿಲ್ಲ. ಚೀಲ ಕಟ್ಟುವುದನ್ನು ತಪ್ಪಿಸಿದ್ದು ಅಷ್ಟೇ. ಆ ಇಲಿಗಳ ನರಕೋಶಗಳಲ್ಲಿ ಪ್ರೋಟೀನು ಮುದ್ದೆಗಟ್ಟಿತು, ಕೈಕಾಲು ಹಿಡಿತ ತಪ್ಪಿತು, ಕೋಶಗಳು ಸತ್ತವು.

ಒಂದು ಸೋಜಿಗ ಹೇಳಬೇಕು. ಆರೋಗ್ಯವಂತ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಚೀಲಗಳು ಕಾಣುವುದೇ ಅಪರೂಪ. ಹಾಗಾಗಿ ನರಕೋಶಗಳಲ್ಲಿ ಈ ಕೆಲಸ ಅಷ್ಟಾಗಿ ನಡೆಯುವುದಿಲ್ಲ ಎಂಬ ಭಾವನೆ ಬಹುಕಾಲ ಇತ್ತು. ಆಮೇಲೆ ಗೊತ್ತಾಯಿತು, ಕಾಣದಿರುವುದಕ್ಕೆ ಕಾರಣ ಕೆಲಸದ ಚುರುಕು. ಚೀಲ ಕಟ್ಟಿದ್ದೇ ತಡ, ಕರಗಿ ಹೋಗುತ್ತದೆ. ಬೆಳಗಿನ ಜಾವ ಗುಡಿಸಿ ಹೋದ ಬೀದಿಯನ್ನು ಎಂಟು ಗಂಟೆಗೆ ಎದ್ದು ನೋಡಿ ‘ಇಲ್ಲಿ ಕಸವೇ ಬೀಳುವುದಿಲ್ಲ’ ಎಂದ ಹಾಗೆ.

ಈ ಚೀಲಗಳನ್ನು ಮೊದಲ ಸಲ ಸರಾಗವಾಗಿ, ಜೀವಂತವಾಗಿ ನೋಡಿದವರ ಹತ್ತಿರ ಈಗ ಹೋಗೋಣ. 1988, ಟೋಕಿಯೊ ವಿಶ್ವವಿದ್ಯಾಲಯದ ಕೊಮಾಬಾ ಆವರಣ. ಆಗಷ್ಟೇ ಸ್ವಂತ ಪ್ರಯೋಗಾಲಯ ಸಿಕ್ಕಿರುವ ಯೋಶಿನೋರಿ ಓಸುಮಿ, ವಯಸ್ಸು ನಲವತ್ತಮೂರು. ದೊಡ್ಡ ಯಂತ್ರವೇನೂ ಬೇಡದ ಕೆಲಸ ಹಿಡಿದಿದ್ದಾರೆ: ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಹೊಟ್ಟೆಯಲ್ಲಿರುವ ವ್ಯಾಕ್ಯುಯೋಲ್ ಎಂಬ ದೊಡ್ಡ ಗುಳ್ಳೆ. ನಮ್ಮ ಲೈಸೋಸೋಮಿನ ದಾಯಾದಿ ಅದು. ಯಾರಿಗೂ ಬೇಡದ ಕಸದ ಗುಂಡಿ ಎಂದು ಆಗ ಬಹಳ ಮಂದಿ ಬದಿಗಿಟ್ಟಿದ್ದರು. ಓಸುಮಿ ಮಾಡಿದ ಉಪಾಯ ನೋಡಿ. ಕರಗಿಸುವ ಕಿಣ್ವವೇ ಇಲ್ಲದ ಯೀಸ್ಟ್ ತಳಿ ಆರಿಸಿದರು. ಅವಕ್ಕೆ ಉಪವಾಸ ಹಾಕಿದರು. ಒಳಗೆ ಕಸ ಸಾಗಿ ಬರುವುದು ನಿಜವಾದರೆ, ಕರಗದೆ ಅಲ್ಲೇ ಉಳಿಯಬೇಕಲ್ಲ?

ಅವರ ಭುಜದ ಹಿಂದಿನಿಂದ ಇಣುಕಿ. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕ. ಗುಂಡನೆಯ ಕೋಶ, ಒಳಗೆ ತಿಳಿಯಾದ ಗುಳ್ಳೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಾಳು. ಇನ್ನೊಂದು. ಕೆಲವೇ ಗಂಟೆಗಳಲ್ಲಿ ಗುಳ್ಳೆಯ ತುಂಬ ದುಂಡು ದುಂಡು ಕಾಳುಗಳು ಪುಟಿಯುತ್ತಿವೆ, ಕಾದ ಬಾಣಲೆಯಲ್ಲಿ ಸಾಸಿವೆ ಚಟಪಟ ಹಾರುವಂತೆ. ಓಸುಮಿ ಕಣ್ಣು ತೆಗೆಯದೆ ನೋಡುತ್ತ ಕೂತರು, ಗಂಟೆಗಟ್ಟಲೆ. ಮುಂದೆ ತಮ್ಮ ವಿದ್ಯಾರ್ಥಿನಿ ಮಿಕಿ ತ್ಸುಕಾದಾ ಜೊತೆ ಸೇರಿ ಈ ಕಾಳು ಕಟ್ಟಲಾರದ ಯೀಸ್ಟುಗಳನ್ನು ಹೆಕ್ಕಿ ತೆಗೆದು, ಚೀಲ ಕಟ್ಟಲು ಬೇಕಾದ 15 ವಂಶವಾಹಿಗಳ ಸುಳಿವನ್ನು 1993ರಲ್ಲಿ ಪ್ರಕಟಿಸಿದರು. 2016ರ ನೊಬೆಲ್ ಅವರೊಬ್ಬರಿಗೇ ಬಂತು. ಆರೆಂಜ್‌ಬರ್ಗಿನ ಇಲಿಗಳಲ್ಲಿ ದೀಪ ಹೊತ್ತ ಎಲ್‌ಸಿ3 ಪ್ರೋಟೀನು ಆ ಯೀಸ್ಟಿನ ವಂಶವಾಹಿಯೊಂದರ ದೂರದ ನೆಂಟ.

ಉಪವಾಸ ಎಂದ ಕೂಡಲೇ ನಿಮ್ಮ ಕಿವಿ ನಿಮಿರಿದ್ದು ಗೊತ್ತಾಯಿತು. ಏಕಾದಶಿಗೆ ನೊಬೆಲ್ ಬಂತು ಎಂಬರ್ಥದ ವಾಟ್ಸಾಪ್ ಸಂದೇಶ ನನಗೂ ಬಂದಿದೆ, ಒಂದಲ್ಲ ಹತ್ತು ಸಲ. ಓಸುಮಿಯವರ ಬಳಗದ ನೊಬೊರು ಮಿಜುಶಿಮಾ 2004ರಲ್ಲಿ ಇಲಿಗಳಿಗೆ ಒಂದೆರಡು ದಿನ ಊಟ ಕೊಡದೆ ನೋಡಿದರು. ಯಕೃತ್ತು, ಸ್ನಾಯು, ಹೃದಯ ಎಲ್ಲ ಕಡೆ ಚೀಲಗಳು ಎದ್ದವು; ಮಿದುಳಿನಲ್ಲಿ ಮಾತ್ರ ಅಂಥದ್ದೇನೂ ಕಾಣಲಿಲ್ಲ. ಕಂಡಿತು ಎಂದು ಆಮೇಲೆ ಹೇಳಿದವರೂ ಇದ್ದಾರೆ, ವಾದ ಮುಗಿದಿಲ್ಲ. ಮೈ ಹಸಿದಾಗ ಬೇರೆ ಅಂಗಗಳು ತಮ್ಮನ್ನು ತಿಂದು ಮಿದುಳನ್ನು ಸಾಕುತ್ತವೆ. ಏಕಾದಶಿ ಮಾಡುವವರು ದೇವರಿಗಾಗಿ ಮಾಡಲಿ. ಮರೆವಿನ ಮದ್ದು ಎಂದು ಎಂಬತ್ತರ ಅಜ್ಜಿಯನ್ನು ಹಸಿದಿಡಬೇಡಿ.

ಕತ್ತಲ ಕೋಣೆಗೆ ಮರಳೋಣ. ಬಿಳಿ ಚುಕ್ಕೆಗಳ ಹೂವು ಇನ್ನೂ ಪರದೆಯ ಮೇಲಿದೆ.

ಈ ಕೋಶ ಗುಡಿಸುವುದನ್ನು ನಿಲ್ಲಿಸಿಲ್ಲ ಎಂಬುದನ್ನು ಮೊದಲು ಗಮನಿಸಿ. ಚೀಲ ಕಟ್ಟಿದೆ, ಹೊತ್ತು ತಂದಿದೆ, ಕಿಣ್ವವೂ ಸೇರಿದೆ. ಪಂಪು ಕೆಟ್ಟಿದೆ, ಹುಳಿ ಏರಿಲ್ಲ. ಹುಳಿ ಏರದ ಚೀಲ ಕರಗದು. ಕರಗದ ಚೀಲ ಜಾಗ ಬಿಡದು. ಹಿಂದಿನಿಂದ ಬರುವ ಚೀಲ ಬಂದು ಸೇರುತ್ತಲೇ ಇದೆ. ಕೋಶದ ಮೈ ಉಬ್ಬಿ, ಎಸಳೆಸಳಾಗಿ ಹೊರಗೆ ಚಾಚುತ್ತದೆ. ಕರಗದ ಚೀಲಗಳೊಳಗೆ ಅಮೈಲಾಯ್ಡ್ ಎಂಬ ಪ್ರೋಟೀನು ತುಣುಕು ಸೇರಿಕೊಳ್ಳುತ್ತದೆ, ಕೋಶಕೇಂದ್ರದ ಸುತ್ತ ಎಳೆಗಟ್ಟುತ್ತದೆ. ಕೊನೆಗೆ ಚೀಲಗಳು ಸೋರಿ, ಕೋಶ ಸತ್ತು, ಎಳೆಗಟ್ಟಿದ ಅಮೈಲಾಯ್ಡ್ ಮಾತ್ರ ಉಳಿಯುತ್ತದೆ. ಅದನ್ನೇ ನಾವು ಪ್ಲಾಕ್ ಎನ್ನುತ್ತೇವೆ.

ಇದು ಸಣ್ಣ ಮಾತಲ್ಲ. 1906ರ ನವೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನ ಸಭೆಯಲ್ಲಿ ಆಲೊಯಿಸ್ ಅಲ್ಝೈಮರ್ ತಮ್ಮ ರೋಗಿ ಆಗುಸ್ಟೆಯ ಮಿದುಳಿನಲ್ಲಿ ಕಂಡ ಕಲೆಗಳ ಬಗ್ಗೆ ಮಾತಾಡಿದಂದಿನಿಂದ, ಪ್ಲಾಕ್ ಕೋಶಗಳ ಹೊರಗೆ ಕೂತಿರುವ ವಸ್ತು. ಹೊರಗೆ ಕಟ್ಟಿಕೊಂಡು ಒಳಗನ್ನು ಕೊಲ್ಲುತ್ತದೆ ಎಂಬುದೇ ಬಹುಕಾಲದ ನಂಬಿಕೆ. ಐದು ಬಗೆಯ ಅಲ್ಝೈಮರ್ ಇಲಿಗಳನ್ನು ನೋಡಿದ ಆರೆಂಜ್‌ಬರ್ಗಿನ ತಂಡ ಅದನ್ನು ಒಳಹೊರಗು ತಿರುಗಿಸಿತು: ಪ್ಲಾಕ್ ಎಂದರೆ ಒಳಗೇ ಸತ್ತ ಕೋಶದ ಸಮಾಧಿ. ಹುಳಿ ಇಳಿಯುವುದು ಪ್ಲಾಕಿಗಿಂತ ಎಷ್ಟೋ ಮೊದಲು. ಅಲ್ಝೈಮರಿನಿಂದ ತೀರಿಕೊಂಡ ಮನುಷ್ಯರ ಮಿದುಳಿನಲ್ಲೂ ಇಂಥ ಹೂಗಳ ಕುರುಹು ಕಂಡಿದೆ. ಎಲ್ಲ ಪ್ಲಾಕೂ ಹೀಗೆಯೇ ಹುಟ್ಟುತ್ತದೆಯೇ ಎಂಬುದನ್ನು ಮಾತ್ರ ಇನ್ನೂ ಯಾರೂ ಆಣೆ ಮಾಡಿ ಹೇಳಲಾರರು. ಇಲಿಯ ರೋಗ ಮನುಷ್ಯನ ರೋಗದ ನೆರಳು, ರೋಗವೇ ಅಲ್ಲ.

ಪಂಪು ಯಾಕೆ ಕೆಡುತ್ತದೆ? ಒಂದು ಉತ್ತರ 2010ರಲ್ಲಿ ಬಂತು. ಚಿಕ್ಕ ವಯಸ್ಸಿನಲ್ಲೇ ಬರುವ, ವಂಶಪಾರಂಪರ್ಯದ ಅಲ್ಝೈಮರಿಗೆ ಮುಖ್ಯ ಕಾರಣವಾದ ಪ್ರೆಸೆನಿಲಿನ್-1 ಎಂಬ ವಂಶವಾಹಿ ಇದೆಯಲ್ಲ, ಪಂಪಿನ ಒಂದು ಭಾಗವನ್ನು ಸರಿಯಾಗಿ ಸಿದ್ಧಮಾಡಿ ಕಳಿಸಲು ಅದು ಬೇಕಂತೆ. ಇನ್ನೊಂದು ಉತ್ತರ 2023ರದ್ದು. ಅಮೈಲಾಯ್ಡ್ ಹುಟ್ಟುವ ಹಾದಿಯಲ್ಲಿ ಕಡಿದು ಬೀಳುವ ಬೀಟಾ-ಸಿಟಿಎಫ್ ಎಂಬ ತುಂಡು ಪಂಪಿನ ಅರ್ಧಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಇನ್ನರ್ಧ ಬಂದು ಕೂಡಲು ಜಾಗವೇ ಇರುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮು ಮೂರಿರುವುದರಿಂದ ಈ ತುಂಡಿನ ಮೂಲ ಪ್ರೋಟೀನು ಜಾಸ್ತಿ. ಅವರಲ್ಲಿ ಬಹಳ ಮಂದಿಗೆ ಅಲ್ಝೈಮರ್ ಬೇಗ ಕಾಡುವುದೂ ಇದಕ್ಕೆ ಹೊಂದುತ್ತದೆ.

ಈಗ ಮದ್ದಿನ ಮಾತು. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಮಂಜೂರಾತಿ ಪಡೆದ ಲೆಕಾನೆಮ್ಯಾಬ್ ಎಂಬ ಪ್ರತಿಕಾಯ, ರೋಗದ ಆರಂಭದಲ್ಲಿರುವವರಿಗೆ ರಕ್ತನಾಳದ ಮೂಲಕ ಕೊಡುವಂಥದ್ದು, ಹೊರಗೆ ಕೂತ ಅಮೈಲಾಯ್ಡನ್ನು ಬಾಚಿ ತೆಗೆಯುತ್ತದೆ. 18 ತಿಂಗಳ ಪರೀಕ್ಷೆಯಲ್ಲಿ ಕುಸಿತದ ವೇಗ ಶೇ 27ರಷ್ಟು ಕಡಿಮೆಯಾಯಿತು. ಕೆಲವರಿಗೆ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ. ಕುಸಿತ ನಿಲ್ಲಲಿಲ್ಲ. ಸಮಾಧಿ ತೆರವುಮಾಡಿದರೆ ಸತ್ತವರು ಏಳುವುದಿಲ್ಲವಲ್ಲ ಎಂದು ಈ ಪರದೆಯ ಮುಂದೆ ಕೂತವರಿಗೆ ಅನ್ನಿಸಿದರೆ ತಪ್ಪೇನಿಲ್ಲ.

ಹಾಗಾದರೆ ಒಳಗಿನ ಜಾಡಮಾಲಿಯನ್ನೇ ಚುರುಕುಗೊಳಿಸೋಣ. ಅದಕ್ಕೊಂದು ಔಷಧಿ ಇದೆ, ರಾಪಮೈಸಿನ್. ಶಾಂತಸಾಗರದ ನಡುವಿನ ರಾಪಾ ನುಯಿ ದ್ವೀಪಕ್ಕೆ 1964ರಲ್ಲಿ ಹೊರಟ ತಂಡವೊಂದು ತಂದ ಮಣ್ಣಿನ ಸೂಕ್ಷ್ಮಜೀವಿಯೊಂದು ಮಾಡುವ ರಸ. ಮಾಂಟ್ರಿಯಲ್‌ನ ಔಷಧಿ ಕಂಪನಿಯಲ್ಲಿ ಅದನ್ನು ಬೇರ್ಪಡಿಸಿ, ಕಂಪನಿ ಬೇಡವೆಂದರೂ ಕೈಬಿಡದೆ ಉಳಿಸಿದವರು ಸುರೇನ್ ಸೆಹಗಲ್ ಎಂಬ ನಮ್ಮ ಕಡೆಯವರು. ಅಂಗಕಸಿ ಮಾಡಿಸಿಕೊಂಡವರಿಗೆ ಇವತ್ತೂ ಕೊಡುತ್ತಾರೆ. ಕೋಶಕ್ಕೆ ‘ಊಟ ಸಾಕಷ್ಟಿದೆ’ ಎಂದು ಹೇಳುವ ಗುಂಡಿ ಒತ್ತಿಕೊಳ್ಳದಂತೆ ಇದು ತಡೆಯುತ್ತದೆ. ಹಸಿವೆಂದು ತಿಳಿದ ಕೋಶ ಚೀಲ ಕಟ್ಟತೊಡಗುತ್ತದೆ. 2010ರಲ್ಲಿ ಅಲ್ಝೈಮರ್ ಇಲಿಗಳಿಗೆ ತಿನ್ನಿಸಿದರು, ನೆನಪು ಸುಧಾರಿಸಿತು. ಮರುವರ್ಷವೇ ಬಂದ ಇನ್ನೊಂದು ಪ್ರಯೋಗವನ್ನು ನಾನು ಹೆಚ್ಚು ಮುಖ್ಯ ಎನ್ನುತ್ತೇನೆ. ಎರಡು ತಿಂಗಳ ಎಳೆ ಇಲಿಗಳಿಗೆ ಕೊಟ್ಟರೆ ಗುಣ ಕಂಡಿತು. ಪ್ಲಾಕ್ ಆಗಲೇ ತುಂಬಿದ್ದ ಹದಿನೈದು ತಿಂಗಳ ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ.

ಪರದೆಯ ಮೇಲಿನ ಹೂವನ್ನು ನೋಡಿ, ಕಾರಣ ನಿಮಗೇ ಹೊಳೆಯುತ್ತದೆ. ತಿಪ್ಪೆ ಕಳಿಯದೆ ನಿಂತಿರುವಾಗ ಇನ್ನೂ ನಾಲ್ಕು ಗಾಡಿ ಕಸ ತಂದು ಸುರಿಯಿರಿ ಎಂದರೆ ಹಿತ್ತಿಲ ಗತಿ ಏನು? ಜಾಹೀರಾತುಗಳಲ್ಲಿ ‘ಆಟೊಫೇಜಿ ಹೆಚ್ಚಿಸುತ್ತದೆ’ ಎಂದು ಮಾರುವ ಪುಡಿ, ಮಾತ್ರೆಗಳನ್ನು ನೋಡಿದಾಗಲೆಲ್ಲ ನನಗೆ ಕೇಳಬೇಕೆನ್ನಿಸುವ ಪ್ರಶ್ನೆ ಇದೊಂದೇ: ಯಾವುದನ್ನು ಹೆಚ್ಚಿಸುತ್ತೀರಿ, ಗುಡಿಸುವುದನ್ನೋ ಕರಗಿಸುವುದನ್ನೋ? ಗೋಧಿಯ ಮೊಳಕೆಯಲ್ಲೂ ಇರುವ ಸ್ಪರ್ಮಿಡಿನ್ ಅಂಥದ್ದೊಂದು. ಬರ್ಲಿನ್ನಿನಲ್ಲಿ ನೂರು ಮಂದಿ ಹಿರಿಯರಲ್ಲಿ ಒಂದು ವರ್ಷ ಪರೀಕ್ಷಿಸಿ ನೋಡಿದರು, 2022ರಲ್ಲಿ ಫಲಿತಾಂಶ ಬಂತು, ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹುಳಿಯನ್ನೇ ಮರಳಿ ತರುವ ಯತ್ನಗಳೂ ನಡೆದಿವೆ. ಆಮ್ಲ ತುಂಬಿದ ನ್ಯಾನೋಕಣಗಳನ್ನು ಲೈಸೋಸೋಮಿಗೇ ತಲುಪಿಸಿ ಹುಳಿ ಏರಿಸಿದವರಿದ್ದಾರೆ. ಬೀಟಾ-ಸಿಟಿಎಫ್ ತುಂಡು ಪಂಪಿಗೆ ಅಂಟುವಂತೆ ಮಾಡುವ ಕಿಣ್ವವೊಂದನ್ನು ಸರಾಕಾಟಿನಿಬ್ ಎಂಬ ಔಷಧಿಯಿಂದ ತಡೆದಾಗ ಪಂಪು ಮತ್ತೆ ತಿರುಗಿದ್ದನ್ನು ನಿಕ್ಸನ್ ಬಳಗ ತೋರಿಸಿತು. ತಮಾಷೆ ಎಂದರೆ ಅದೇ ಔಷಧಿಯನ್ನು ಬೇರೆ ಕಾರಣಕ್ಕೆ ಅಲ್ಝೈಮರ್ ರೋಗಿಗಳಿಗೆ ಮೊದಲೇ ಕೊಟ್ಟು ನೋಡಿದ್ದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಗುಣವೇನೂ ಕಂಡಿರಲಿಲ್ಲ. ರೋಗ ಆಗಲೇ ಬಂದವರಿಗೆ ಕೊಟ್ಟದ್ದು ತಡವಾಯಿತೋ, ದಾರಿಯೇ ತಪ್ಪೋ, ಎರಡಕ್ಕೂ ವಾದ ಮಾಡಬಹುದು.

ಆರೆಂಜ್‌ಬರ್ಗಿನಿಂದ ದಕ್ಷಿಣಕ್ಕೆ, ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಆನಾ ಮಾರಿಯಾ ಕುವೆರ್ವೊ ಇನ್ನೊಂದು ಬಾಗಿಲು ತಟ್ಟುತ್ತಿದ್ದಾರೆ. ಕೋಶ ಕಸವನ್ನು ಮೂಟೆ ಕಟ್ಟಿ ಮಾತ್ರ ಸಾಗಿಸುವುದಿಲ್ಲ. ಗುರುತು ಹೊತ್ತ ಪ್ರೋಟೀನುಗಳನ್ನು ಒಂದೊಂದಾಗಿ ಕೈಹಿಡಿದು ಕರೆತಂದು ಲೈಸೋಸೋಮಿನ ಬಾಗಿಲಲ್ಲಿ ಒಳಗೆ ಬಿಡುವ ವ್ಯವಸ್ಥೆಯೂ ಇದೆ. ವಯಸ್ಸಾದಂತೆ ಆ ಬಾಗಿಲುಗಳು ಕಡಿಮೆಯಾಗುತ್ತವೆ. ಬಾಗಿಲು ಹೆಚ್ಚಿಸುವ ಸಿಎ77.1 ಎಂಬ ಅಣುವನ್ನು ಅವರ ತಂಡ ಬಾಯಿಯ ಮೂಲಕ ಕೊಟ್ಟಾಗ ಅಲ್ಝೈಮರ್ ಇಲಿಗಳ ನೆನಪು, ನಡಿಗೆ ಎರಡೂ ಸುಧಾರಿಸಿದ್ದು 2021ರ ಸುದ್ದಿ. ಮತ್ತೆ, ಇಲಿಗಳದ್ದು.

ಬೆಂಗಳೂರಿಗೆ ಬನ್ನಿ. ಜಕ್ಕೂರಿನ ವಿಮಾನ ತರಬೇತಿ ಮೈದಾನದ ಆಚೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ರವಿ ಮಂಜಿತ್ತಾಯರ ಪ್ರಯೋಗಾಲಯ ಆಟೊಫೇಜಿಗೇ ಮೀಸಲು. ಯೀಸ್ಟ್ ಬೆಳೆಸುವ ಕಡೆ ಎಲ್ಲಿ ಹೋದರೂ ಬರುವ ವಾಸನೆ, ಬ್ರೆಡ್ಡು ಮತ್ತು ಹೆಂಡದ ನಡುವಿನದ್ದು, ಮೂಗಿಗೆ ಬಡಿಯುತ್ತದೆ. ಇಲ್ಲಿ ಹಿಡಿದ ಬಲೆ ಸರಳ. ಪಾರ್ಕಿನ್ಸನ್ ರೋಗದಲ್ಲಿ ಮುದ್ದೆಗಟ್ಟುವ ಪ್ರೋಟೀನನ್ನು ಯೀಸ್ಟಿನಲ್ಲಿ ಹುಟ್ಟಿಸಿದರೆ ಯೀಸ್ಟ್ ಬೆಳೆಯಲಾರದೆ ಸೊರಗುತ್ತದೆ. ಅಂಗೈಯಗಲದ ತಟ್ಟೆಯ ಸಾಲು ಸಾಲು ಗುಳಿಗಳಲ್ಲಿ ಅದನ್ನು ಹಾಕಿ, ಒಂದೊಂದು ಗುಳಿಗೆ ಒಂದೊಂದು ಅಣು ಬಿಡಿ. ಬಹುಪಾಲು ಗುಳಿಗಳು ತಿಳಿಯಾಗೇ ಉಳಿಯುತ್ತವೆ. ಒಂದು ಗುಳಿ ಗಂಜಿಯ ಹಾಗೆ ಮಬ್ಬಾದರೆ, ಅಲ್ಲಿ ಯೀಸ್ಟ್ ಬದುಕಿದೆ, ಮುದ್ದೆ ಕರಗಿರಬಹುದು. ಹೀಗೆ ಸಿಕ್ಕ 6-ಬಯೊ ಎಂಬ ಅಣು ಇಲಿಗಳಲ್ಲೂ ನರಕೋಶ ಕಾಯ್ದದ್ದನ್ನು 2017ರಲ್ಲಿ ಪ್ರಕಟಿಸಿದರು. ಅದರ ತವರು ಕೇಳಿದರೆ ಬೆರಗಾಗುತ್ತೀರಿ: ಮೆಡಿಟರೇನಿಯನ್ ಸಮುದ್ರದ ಬಸವನಹುಳುವಿನಿಂದ ಹಿಂದೆ ರಾಜವಸ್ತ್ರಕ್ಕೆ ನೇರಳೆ ಬಣ್ಣ ತೆಗೆಯುತ್ತಿದ್ದರಲ್ಲ, ಅದೇ ಬಣ್ಣದ ಕುಟುಂಬ. ರೋಗ ಬೇರೆ, ಪಾರ್ಕಿನ್ಸನ್. ಕರಗಿಸುವ ಚೀಲ ಒಂದೇ.

ಇಷ್ಟೆಲ್ಲ ತಿರುಗಿದ ಮೇಲೆ ಉಳಿಯುವ ತೊಡಕು ಒಂದು. ಮದ್ದು ಎಂಥದ್ದೇ ಬರಲಿ, ಹೂವು ಅರಳುವ ಮೊದಲು ಕೊಡಬೇಕು. ಮರೆವು ಕಾಣಿಸಿಕೊಳ್ಳುವ ಹತ್ತಿಪ್ಪತ್ತು ವರ್ಷ ಮೊದಲೇ ರೋಗ ಒಳಗೆ ಕೆಲಸ ಶುರುಮಾಡಿರುತ್ತದೆ. ಯಾರಿಗೆ ಕೊಡುವುದು?

ಅದಕ್ಕೇ ಕೊನೆಗೆ ನಿಮ್ಮನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಕರೆತಂದಿದ್ದೇನೆ. ಮಾವಿನ ತೋಪುಗಳ ತಾಲ್ಲೂಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಇಲ್ಲಿಯ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ರೋಗ ಬಂದವರನ್ನಲ್ಲ, ನೆಟ್ಟಗಿರುವವರನ್ನು. ನೆನಪಿನ ಪರೀಕ್ಷೆ, ರಕ್ತ, ಮಿದುಳಿನ ಸ್ಕ್ಯಾನು. ಮತ್ತೆ ಕೆಲಕಾಲದ ಮೇಲೆ ಅದೇ.

ನೀವು ಈ ಊರಿನವರೇ ಎಂದುಕೊಳ್ಳಿ. ವಯಸ್ಸು ಐವತ್ತೆರಡು. ಹೊರಗಿನಿಂದ ಬಂದ ಹುಡುಗಿ ಜಗಲಿಯ ಮೇಲೆ ಕೂತಿದ್ದಾಳೆ.

‘ಅಮ್ಮಾ, ಐದು ಪದ ಹೇಳ್ತೀನಿ. ಆಮೇಲೆ ಕೇಳ್ತೀನಿ, ನೆನಪಿಟ್ಕೊಳ್ಳಿ.’

‘ಹೇಳು ಮಗಾ.’

ಹೇಳುತ್ತಾಳೆ. ಬೇರೆ ಏನೇನೋ ಲೆಕ್ಕ, ಚಿತ್ರ, ಪ್ರಶ್ನೆ. ತೋಳಿಗೆ ಪಟ್ಟಿ ಬಿಗಿದು ಒಂದು ಸೀಸೆ ರಕ್ತ ತೆಗೆಯುತ್ತಾರೆ. ರಕ್ತದಲ್ಲಿ ಇವತ್ತು ಅಮೈಲಾಯ್ಡಿನ ಸುಳಿವು ಹುಡುಕಬಹುದು, ರೋಗದ ಇನ್ನೊಂದು ಗುರುತಾದ ಟಾವ್ ಪ್ರೋಟೀನಿನ ಸುಳಿವು ಹುಡುಕಬಹುದು. ನಿಮ್ಮ ನರಕೋಶದ ಚೀಲಗಳು ನೇರಳೆಯೋ ಬಿಳಿಯೋ ಎಂದು ಹೇಳುವ ಪರೀಕ್ಷೆ ಇನ್ನೂ ಹುಟ್ಟಿಲ್ಲ.

‘ಈಗ ಹೇಳಿ ಅಮ್ಮಾ, ಆ ಐದು ಪದ?’

ಮಾವಿನಹಣ್ಣು. ಅದನ್ನು ಈ ಊರಲ್ಲಿ ಯಾರು ಮರೆಯುತ್ತಾರೆ. ಗಂಟೆ. ನದಿ. ಕುರ್ಚಿ. ಇನ್ನೊಂದು ನಾಲಿಗೆಯ ತುದಿಯಲ್ಲಿದೆ. ಹುಡುಗಿ ಕಾಯುತ್ತಾಳೆ, ಆಮೇಲೆ ನಕ್ಕು, ಏನೋ ಬರೆದುಕೊಂಡು, ಹಾಳೆ ಮಡಚುತ್ತಾಳೆ. ನೀರು ಕುಡಿದು ಎಲ್ಲರೂ ಏಳುತ್ತಾರೆ. ಜೀಪು ಶುರುವಾಗಿ ಬೇಲಿ ದಾಟುವಷ್ಟರಲ್ಲಿ ನೀವು ಜಗಲಿಯಿಂದ ಇಳಿದು, ಸೆರಗು ಸಿಕ್ಕಿಸಿ, ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಕೂಗುತ್ತೀರಿ.

‘ಏ ಮಗಾ! ದಾರ! ದಾರ ಕಣೇ!’